ಮನೆಯಿಂದಲೇ ವ್ಯಾಪಾರನಾ? ತೆರಿಗೆ ಉಳಿಸುವುದು ಹೀಗೆ

ಮೊದಲು ವ್ಯಾಪಾರಕ್ಕೆ ಅಂತಲೇ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಮನೆ ಖರ್ಚೂ ವ್ಯಾಪಾರದ ಖರ್ಚೂ ಕಲಸಿಹೋದರೆ ವರ್ಷದ ಕೊನೆಗೆ ಯಾವುದು ಯಾತಕ್ಕೆ ಅಂತ ನಿಮಗೇ ನೆನಪಿರುವುದಿಲ್ಲ, ಲೆಕ್ಕಕ್ಕೆ ಸಿಗದ ಖರ್ಚಿಗೂ ಸುಮ್ನೆ ತೆರಿಗೆ ಕಟ್ಟಿಬಿಡುತ್ತೀರಿ.

ಆದಾಯ ತೆರಿಗೆ ಸಾಮಾನ್ಯವಾಗಿ ಬೀಳುವುದು ಖರ್ಚು ಕಳೆದು ಉಳಿದ ಲಾಭದ ಮೇಲೆ ಅಲ್ವಾ? ಹಾಗಾಗಿ ರಸೀದಿ ಬಿಡಬೇಡಿ. ಬಿಲ್ ಕೈಗೆ ಬಂದ ದಿನವೇ ಫೋಟೋ ತೆಗೆದು, ಯಾತಕ್ಕೆ ಅಂತ ಎರಡು ಪದ ಬರೆದಿಡಿ. ಥರ್ಮಲ್ ಕಾಗದದ ಬಿಲ್ ಅಂತೂ ಬೇಗ ಮಾಸಿಹೋಗುತ್ತದೆ.

ಜಾಸ್ತಿ ಜನ ಮರೆಯುವುದು ಮನೆಯ ಪಾಲನ್ನು. 1,000 ಚದರ ಅಡಿ ಮನೆಯಲ್ಲಿ 100 ಚದರ ಅಡಿಯ ಕೋಣೆ ಕೆಲಸಕ್ಕೇ ಮೀಸಲಾಗಿದ್ದರೆ ಬಾಡಿಗೆ, ಕರೆಂಟ್ ಬಿಲ್‌ನ 10% ಅನ್ನು ವ್ಯಾಪಾರದ ಖರ್ಚು ಅಂತ ತೋರಿಸಲು ಹಲವು ದೇಶಗಳಲ್ಲಿ ಅವಕಾಶವಿದೆ. ಇಂಟರ್ನೆಟ್, ಫೋನ್ ಕೂಡ ಹೀಗೆಯೇ. ಆದರೆ ಕೆಲಸಕ್ಕೆ ಬಳಸಿದಷ್ಟನ್ನೇ ತೋರಿಸಿ, ಉಬ್ಬಿಸಿ ಬರೆದರೆ ಪರಿಶೀಲನೆ ಬಂದಾಗ ನಿದ್ದೆಗೆಡಬೇಕಾಗುತ್ತದೆ. ಕಂಪ್ಯೂಟರ್, ಯಂತ್ರ ಕೊಂಡಿದ್ದರೆ ಅದರ ಬೆಲೆಯನ್ನು ಸವಕಳಿ (ಬಳಸುತ್ತಾ ಹೋದಂತೆ ಇಳಿಯುವ ಬೆಲೆ) ಅಂತ ವರ್ಷ ವರ್ಷ ಸ್ವಲ್ಪ ಸ್ವಲ್ಪವಾಗಿ ಕಳೆಯಬಹುದು.

ಇನ್ನೊಂದು, ದುಡ್ಡು ಬಂದಾಗಲೆಲ್ಲ ತೆರಿಗೆಗೆ ಅಂತ ಒಂದು ಪಾಲು ಎತ್ತಿಡಿ. ಗಡುವು ತಪ್ಪಿ ಬಡ್ಡಿ, ದಂಡ ಬಿದ್ದರೆ ಉಳಿಸಿದ್ದೆಲ್ಲ ಅಲ್ಲಿಗೇ ಹೋಗುತ್ತದೆ.