ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡಲ್ಲೇ ಸಿಲಿಂಡರ್ ಫ್ಲೋ ಸರಿಬಂತು (ನನ್ನ ಅನುಭವ)

ಗೇಮ್ ಆಡೋ ಗ್ರಾಫಿಕ್ಸ್ ಕಾರ್ಡಲ್ಲಿ ಥೀಸಿಸ್ ಕೆಲಸ (ಸಿಲಿಂಡರ್ ಸುತ್ತ ದ್ರವ ಹೆಂಗೆ ಹರಿಯುತ್ತೆ ಅಂತ ಕಂಪ್ಯೂಟರಲ್ಲಿ ಲೆಕ್ಕ ಹಾಕೋದು) ಆಗಲ್ಲ ಅಂತ ಗೈಡೂ ಅಂದ್ರು, ಲ್ಯಾಬ್ ಸೀನಿಯರ್‌ಗಳೂ ಅಂದ್ರು. ಹೋದ ವಾರ ರೆನಾಲ್ಡ್ಸ್ ಸಂಖ್ಯೆ (ಹರಿವಿನ ರಭಸಕ್ಕೂ ದ್ರವದ ಜಿಗುಟಿಗೂ ಇರೋ ಅನುಪಾತ) 100ಕ್ಕೆ ಸ್ಟ್ರೌಹಾಲ್ (ಸಿಲಿಂಡರ್ ಹಿಂದೆ ಸುಳಿ ಎಷ್ಟು ಬೇಗ ಬೇಗ ಏಳುತ್ತೆ ಅನ್ನೋ ಅಳತೆ) 0.165, ಡ್ರ್ಯಾಗ್ (ಹರಿವು ಸಿಲಿಂಡರನ್ನ ತಳ್ಳೋ ಬಲದ ಅಳತೆ) 1.34ರ ಹತ್ರ, ಅಂದ್ರೆ ಎಲ್ರೂ ಒಪ್ಪೋ ಉತ್ತರಕ್ಕೆ ಬಂದು ನಿಂತ್ಮೇಲೆ ಗೈಡೇ ಪ್ಲಾಟ್ ಕೇಳಿ ಇಸ್ಕೊಂಡ್ರು.

ಕ್ಲಸ್ಟರ್ (ಎಲ್ರೂ ಹಂಚ್ಕೊಳ್ಳೋ ದೊಡ್ಡ ಕಂಪ್ಯೂಟರ್) ಕ್ಯೂ ಕಾದು ಕಾದು ಒಂದು ಸೆಮಿಸ್ಟರೇ ಹೋಗಿತ್ತು. ಸ್ಟೈಪೆಂಡಲ್ಲಿ ಉಳಿಸಿದ್ರಲ್ಲಿ ಮುಂಬೈನ ಲ್ಯಾಮಿಂಗ್ಟನ್ ರೋಡಲ್ಲಿ ಹಳೇ ಜಿಟಿಎಕ್ಸ್ 1080 ಕಾರ್ಡ್ ತಗೊಂಡೆ, 15 ಸಾವಿರ ಚಿಲ್ರೆ ಇರ್ಬೇಕು, ನನ್ನ ಪವರ್ ಸಪ್ಲೈ ಅದನ್ನ ತಡೀಲಿಲ್ಲ, ಅದಕ್ಕೆ ಮತ್ತೆ 4-5 ಸಾವಿರ. ಜುಲೈ ಮಳೇಲಿ ಪ್ಲಾಸ್ಟಿಕ್ ಸುತ್ತಿ ಎದೆಗವಚ್ಕೊಂಡು ಗ್ರಾಂಟ್ ರೋಡಲ್ಲಿ ಲೋಕಲ್ ಹತ್ತಿದ್ದೆ.

ಈ ಕಾರ್ಡಲ್ಲಿ ಡಬಲ್ ಪ್ರಿಸಿಷನ್ (ಜಾಸ್ತಿ ಅಂಕಿ ಇಟ್ಟು ಲೆಕ್ಕ ಹಾಕೋದು) ಸ್ಪೀಡು ಸಿಂಗಲ್‌ನ (ಕಮ್ಮಿ ಅಂಕೀದು) 32ರಲ್ಲಿ ಒಂದು ಪಾಲಷ್ಟೇ. ಸಿಂಗಲ್‌ಗೆ ಹೋದ್ರೆ ನಾನು ಬಳಸೋ ಲ್ಯಾಟಿಸ್ ಬೋಲ್ಟ್ಸ್‌ಮನ್ ವಿಧಾನದಲ್ಲಿ (ಗ್ರಿಡ್ಡಿನ ಸೆಲ್‌ಗಳ ಮಧ್ಯೆ ಕಣಗಳ ಗುಂಪು ಓಡಾಡಿದಂಗೆ ಫ್ಲೋ ಲೆಕ್ಕ ಹಾಕೋದು) ಪ್ರೆಶರಿನ ಸಣ್ಣ ಏರಿಳಿತ ರೌಂಡಿಂಗಲ್ಲೇ ಮುಳುಗಿ ಲಿಫ್ಟ್ (ಅಡ್ಡಬಲ) ಕರ್ವ್ ಪೂರ್ತಿ ಗಲೀಜು. ಪಾಪ್ಯುಲೇಷನ್ನಿಂದ (ಒಂದೊಂದು ದಿಕ್ಕಿಗೆ ಹೋಗೋ ಕಣಗಳ ಪ್ರಮಾಣ) ಅದರ ವೇಟ್ (ಹರಿವು ನಿಂತಿದ್ದಾಗ ಅದಕ್ಕಿರೋ ಬೆಲೆ) ಕಳೆದು ಬರೀ ವ್ಯತ್ಯಾಸ ಸ್ಟೋರ್ ಮಾಡಿದೆ, ಕರ್ವ್ ನೀಟಾಯ್ತು.

ಆದ್ರೂ ಡ್ರ್ಯಾಗ್ 1.5ರ ಕೆಳಗೆ ಇಳೀತಾನೇ ಇರ್ಲಿಲ್ಲ. ತಪ್ಪು ಗೋಡೇದೇ (ಸಿಲಿಂಡರ್ ಮೇಲ್ಮೈ ಲೆಕ್ಕದ್ದೇ) ಅಂತ ತಿಂಗಳುಗಟ್ಟಲೆ ಅದನ್ನೇ ಕೆದಕಿದೆ, ಬಿಜಿಕೆಯಲ್ಲಿ (ಕಣಗಳ ಡಿಕ್ಕಿ ಲೆಕ್ಕ ಹಾಕೋ ಸರಳ ಸೂತ್ರ) ವಿಸ್ಕಾಸಿಟಿ (ಜಿಗುಟು) ಬದಲಾದ್ರೆ ಗೋಡೆ ಜಾಗಾನೂ ಸರಿಯುತ್ತಲ್ಲ, ಅದಕ್ಕೆ ಟಿಆರ್‌ಟಿ ಅನ್ನೋ ಇನ್ನೊಂದು ಡಿಕ್ಕಿ ಸೂತ್ರಕ್ಕೆ ಹೋಗಿ ಮ್ಯಾಜಿಕ್ ಪ್ಯಾರಾಮೀಟರ್ (ಗೋಡೆ ಜಾಗ ಅಲುಗಾಡದಂಗೆ ಹಿಡಿಯೋ ಸಂಖ್ಯೆ) 3/16 ಇಟ್ಟೆ, ಚಾನೆಲ್ ಟೆಸ್ಟ್ ಅಚ್ಚುಕಟ್ಟಾಗಿ ಬಂತು, ಸಿಲಿಂಡರ್ ಮಾತ್ರ ಅಲ್ಲೇ. ಕೊನೆಗೆ ನೋಡಿದ್ರೆ ಡೊಮೇನ್ (ಲೆಕ್ಕಕ್ಕೆ ತಗೊಂಡ ಜಾಗ) ಅಗಲ ಸಿಲಿಂಡರಿನ ಬರೀ 8 ವ್ಯಾಸ! ಬ್ಲಾಕೇಜ್, ಅಂದ್ರೆ ಪಕ್ಕದಲ್ಲಿ ಜಾಗ ಸಾಲ್ದೆ ಹರಿವು ಇಕ್ಕಟ್ಟಾಗಿತ್ತು. 40 ಮಾಡಿದ್ದೇ ತಡ, ಇಳೀತು. ವ್ಯಾಸಕ್ಕೆ 40 ಸೆಲ್, ಒಟ್ಟು ಸುಮಾರು 40 ಲಕ್ಷ ಸೆಲ್, ಒಂದು ರನ್ನು ಹತ್ತು ನಿಮಿಷದ ಆಸುಪಾಸು. ಕ್ಯೂನಲ್ಲಿ ಇದಕ್ಕೇ ಎರಡು ದಿನ ಕಾಯ್ತಿದ್ದೆ ನಾನು.

ಹರಿವು ಹೊರಗೆ ಹೋಗೋ ಔಟ್‌ಲೆಟಿಂದ ಪ್ರೆಶರ್ ವೇವ್ ವಾಪಸ್ ಬರ್ದಂಗೆ ಏನು ಮಾಡಿದೆ ಅನ್ನೋದನ್ನ ಪೇಪರ್ ಆಗೋವರ್ಗೂ ಹೇಳಲ್ಲ.

ರಾತ್ರಿಯೆಲ್ಲ ಓಡ್ಸೋದ್ರಿಂದ ಕರೆಂಟ್ ಬಿಲ್ 1,200 ಜಾಸ್ತಿ ಬಂತು, ಅಷ್ಟನ್ನೂ ನಾನೇ ಕಟ್ಟಿದೆ. "ರೂಮಿನ್ಯಾಗ ಇನ್ನೊಂದು ಒಲಿ ಹಚ್ಚಿಟ್ಟೀಯಲ್ಲಪಾ" ಅಂತ ಧಾರವಾಡದ ರೂಮ್‌ಮೇಟ್ ಒಂದೇ ಸಮನೆ ಬೈತಿದ್ದ, ಈಗ ಅವನೇ ಬಂದು ಸ್ಕ್ರೀನ್ ನೋಡ್ತಾನೆ. ಯಾಕಂದ್ರೆ ಎರಡು ಸಿಲಿಂಡರ್ ಅಕ್ಕಪಕ್ಕ, ನಡುವೆ ಅರ್ಧ ವ್ಯಾಸ ಜಾಗ ಇಟ್ಟು ಓಡಿಸ್ತಿದೀನಿ, ಮಧ್ಯದ ಜೆಟ್ ಒಂದ್ಸಲ ಈ ಕಡೆ, ಒಂದ್ಸಲ ಆ ಕಡೆ ವಾಲುತ್ತೆ, ಯಾವಾಗ ತಿರುಗುತ್ತೆ ಅಂತ ಲೆಕ್ಕಕ್ಕೇ ಸಿಗ್ತಿಲ್ಲ. ನೆನ್ನೆಯಿಂದ ಓಡ್ತಾನೇ ಇದೆ.