ಗೋಡೆಗೆ ಪೆಟ್ಟು ಬಿದ್ದಾಗ ಯೀಸ್ಟ್ ಏನು ಮಾಡುತ್ತದೆ: ನನ್ನ ಅನುಭವ

ಯೀಸ್ಟ್ ಕೋಶದ ಗೋಡೆಯನ್ನು ಕೆಡಿಸುವುದು ಸುಲಭ. ಅಗಾರ್ ಪ್ಲೇಟಿಗೆ ಕಾಂಗೋ ರೆಡ್ ಅಥವಾ ಕ್ಯಾಲ್ಕೋಫ್ಲೂರ್ ವೈಟ್ ಎಂಬ ಬಣ್ಣ ಬೆರೆಸಿದರೆ ಸಾಕು. ಇವು ಗೋಡೆಯ ಕೈಟಿನ್ ಎಳೆಗಳಿಗೆ ಅಂಟಿಕೊಂಡು ಗೋಡೆ ಸರಿಯಾಗಿ ಹೆಣೆದುಕೊಳ್ಳಲು ಬಿಡುವುದಿಲ್ಲ. ಕಷ್ಟ ಶುರುವಾಗುವುದು ಆಮೇಲೆ. ಕೋಶ ಬೆಳೆಯದಿದ್ದರೆ ಅದಕ್ಕೆ ಗೋಡೆಯೇ ಕಾರಣ ಅಂತ ಹೇಳುವುದು ಹೇಗೆ?

ನಾನು ನಂಬುವುದು ಸಾರ್ಬಿಟಾಲ್ (ಸಕ್ಕರೆಯಂಥ ವಸ್ತು) ಬೆರೆಸಿದ ಪ್ಲೇಟನ್ನು. ಸಾಮಾನ್ಯ ತಳಿ, ಗೋಡೆ ಕೆಟ್ಟ ಸುದ್ದಿ ಸಾಗಿಸಲು ಬೇಕಾದ ಎಸ್‌ಎಲ್‌ಟಿ2 ಜೀನ್ ತೆಗೆದ ತಳಿ, ಎರಡನ್ನೂ ಹತ್ತು ಪಟ್ಟು ತೆಳುವಾಗಿಸುತ್ತಾ ಸಾಲಾಗಿ ಚುಕ್ಕೆ ಇಡುತ್ತೇನೆ. ಜೀನ್ ಇಲ್ಲದ ತಳಿ 37 ಡಿಗ್ರಿಯಲ್ಲಿ ಒಳಗಿನ ಒತ್ತಡ ತಡೆಯಲಾರದೆ ಒಡೆಯುತ್ತದೆ. 1 ಮೋಲಾರ್ ಸಾರ್ಬಿಟಾಲ್ ಇರುವ ಪ್ಲೇಟಿನಲ್ಲಿ ಅದೇ ತಳಿ ಬೆಳೆಯುತ್ತದೆ. ಹೊರಗೂ ಸಾಂದ್ರತೆ ಜಾಸ್ತಿಯಾದಾಗ ದುರ್ಬಲ ಗೋಡೆಯ ಮೇಲಿನ ಭಾರ ಇಳಿಯುತ್ತದೆ, ಅಲ್ವಾ? ಈ ಪ್ಲೇಟ್ ಇಲ್ಲದ ಗೋಡೆ ಪ್ರಯೋಗವನ್ನು ನಾನು ಒಪ್ಪುವುದಿಲ್ಲ.

ಆದರೆ ಪ್ಲೇಟ್ ಹೇಳುವುದು ಬದುಕಿತೋ ಇಲ್ಲವೋ ಅಂತ ಮಾತ್ರ. ಕೋಶಕ್ಕೆ ಸುದ್ದಿ ಮುಟ್ಟಿತೇ ಅಂತ ತಿಳಿಯಲು ಬ್ಲಾಟ್, ಅಂದರೆ ಆಂಟಿಬಾಡಿ ಬಳಸಿ ಪ್ರೋಟೀನನ್ನು ಗೆರೆಯಾಗಿ ತೋರಿಸುವ ಪರೀಕ್ಷೆ ಬೇಕು. ಪೊರೆಯಲ್ಲಿ ಕೂತ ಡಬ್ಲ್ಯೂಎಸ್‌ಸಿ1, ಮಿಡ್2 ಮುಂತಾದ ಸಂವೇದಕಗಳ ತುದಿ ಗೋಡೆಯೊಳಗೆ ಚಾಚಿರುತ್ತದೆ. ಗೋಡೆ ಅಲುಗಿದರೆ ಅವು ಆರ್‌ಎಚ್‌ಒ1 ಪ್ರೋಟೀನನ್ನು ಎಬ್ಬಿಸುತ್ತವೆ. ಅಲ್ಲಿಂದ ಸುದ್ದಿ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ಸಾಗುತ್ತದೆ: ಪಿಕೆಸಿ1, ಬಿಸಿಕೆ1, ಎಂಕೆಕೆ1 ಮತ್ತು ಎಂಕೆಕೆ2, ಕೊನೆಗೆ ಎಸ್‌ಎಲ್‌ಟಿ2. ನನಗೆ ತುಂಬಾ ಇಷ್ಟವಾದದ್ದು ಆರ್‌ಎಚ್‌ಒ1. ಸುದ್ದಿ ಸಾಗಿಸುವ ಅದೇ ಪ್ರೋಟೀನ್ ಗೋಡೆಯ ಮುಖ್ಯ ವಸ್ತುವಾದ ಗ್ಲೂಕನ್ ಕಟ್ಟುವ ಕಿಣ್ವದ ಭಾಗವೂ ಹೌದು. ಅಂದರೆ ದುರಸ್ತಿಗೆ ಕರೆ ಕೊಡುವುದೂ ಅದೇ, ದುರಸ್ತಿಗೆ ಕೈ ಹಚ್ಚುವುದೂ ಅದೇ.

ಎಚ್ಚೆತ್ತ ಎಸ್‌ಎಲ್‌ಟಿ2 ಮೇಲೆ ಎರಡು ಕಡೆ ಫಾಸ್ಫೇಟ್ ಕೂರುತ್ತದೆ. ಸಸ್ತನಿಗಳ ಇಆರ್‌ಕೆ ಎಂಬ ಕೈನೇಸಿಗಾಗಿ (ಫಾಸ್ಫೇಟ್ ಕೂರಿಸುವ ಕಿಣ್ವ) ಮಾಡಿದ, ಫಾಸ್ಫೇಟ್ ಕೂತ ರೂಪವನ್ನಷ್ಟೇ ಗುರುತಿಸುವ ಫಾಸ್ಫೋ ಆಂಟಿಬಾಡಿಯೇ ಇದನ್ನೂ ಹಿಡಿಯುತ್ತದೆ, ಏಕೆಂದರೆ ಆ ಜಾಗದ ಅಮೈನೋ ಆಮ್ಲಗಳ ಸಾಲು ಎರಡರಲ್ಲೂ ಒಂದೇ. ಚುರುಕಾಗಿ ಬೆಳೆಯುತ್ತಿರುವ ಕೋಶಗಳನ್ನೇ ತೆಗೆದುಕೊಳ್ಳಿ. ಹಳೆಯ ಕಲ್ಚರ್‌ನ ಗೋಡೆ ದಪ್ಪ, ಅದರ ಉತ್ತರವೇ ಬೇರೆ. ಕೋಶಗಳನ್ನು ಮಂಜುಗಡ್ಡೆಯ ಮೇಲೆ ಬೇಗ ತಣ್ಣಗಾಗಿಸಿ, ಫಾಸ್ಫೇಟ್ ಕಿತ್ತುಹಾಕುವ ಫಾಸ್ಫಟೇಸ್ ಕಿಣ್ವವನ್ನು ತಡೆಯುವ ಮಿಶ್ರಣ ಹಾಕಿ. ಒಟ್ಟು ಎಸ್‌ಎಲ್‌ಟಿ2 ಎಷ್ಟಿದೆ ಅಂತಲೂ ನೋಡಲೇಬೇಕು. ಕೊನೆಯಲ್ಲಿ ಆರ್‌ಎಲ್‌ಎಂ1 ಎಂಬ ಪ್ರೋಟೀನ್ ಗೋಡೆಯ ಜೀನ್‌ಗಳ ಜೊತೆ ಎಸ್‌ಎಲ್‌ಟಿ2 ಜೀನನ್ನೂ ಚಾಲೂ ಮಾಡುತ್ತದೆ. ಪ್ರೋಟೀನೇ ಜಾಸ್ತಿಯಾದರೂ ಗೆರೆ ದಪ್ಪವಾಗಬಹುದು, ಹಾಗಾಗಿ ಫಾಸ್ಫೋ ಗೆರೆ ದಪ್ಪವಾಯಿತು ಅಂತ ಸುಮ್ನೆ ಖುಷಿಪಡುವ ಹಾಗಿಲ್ಲ.

ಕೆಫೀನ್ ಕೂಡ ಈ ಗೆರೆಯನ್ನು ಎಬ್ಬಿಸುತ್ತದೆ, ಆದರೆ ಅದು ಕೋಶದ ಬೆಳವಣಿಗೆ ನಿಯಂತ್ರಿಸುವ ಟಾರ್ ಎಂಬ ಸುದ್ದಿ ದಾರಿಯನ್ನೂ ತಟ್ಟುತ್ತದೆ. ಅದಕ್ಕೇ ಕೆಫೀನ್ ಒಂದನ್ನೇ ನೆಚ್ಚಿಕೊಂಡು ಗೋಡೆಯ ಮಾತು ಆಡುವುದು ನನಗೆ ಸರಿ ಕಾಣುವುದಿಲ್ಲ.

ಸಂವೇದಕಗಳ ಜೀನ್ ಒಂದೊಂದಾಗಿ ತೆಗೆದ ತಳಿಗಳನ್ನು ಅಕ್ಕಪಕ್ಕ ಇಟ್ಟಾಗ ವಿಷಯ ಇನ್ನೂ ಸ್ವಾರಸ್ಯವಾಗುತ್ತದೆ. ಗ್ಲೂಕನ್ ಕಿಣ್ವವನ್ನು ತಡೆಯುವ ಕ್ಯಾಸ್ಪೋಫಂಗಿನ್ ಹಾಕಿದರೆ ಮುಖ್ಯವಾಗಿ ಡಬ್ಲ್ಯೂಎಸ್‌ಸಿ1 ಬೇಕಾಗುತ್ತದೆ. ಕಾಂಗೋ ರೆಡ್ ಆದರೆ ಮಿಡ್2. ಗ್ಲೂಕನ್ ಕತ್ತರಿಸುವ ಜೈಮೊಲೇಸ್ ಹಾಕಿದರೆ ಆಸ್ಮೋಟಿಕ್ ಒತ್ತಡಕ್ಕೆ ಸ್ಪಂದಿಸುವ ಎಚ್‌ಒಜಿ ದಾರಿಯ ನೆರವೂ ಬೇಕು. ಅದಕ್ಕೇ ಹೊಸ ಔಷಧಿ ಕೈಗೆ ಬಂದರೆ ನಾನು ಈ ತಳಿಗಳ ಮೇಲೆಲ್ಲ ಒಟ್ಟಿಗೆ ಹಾಕಿ ನೋಡುತ್ತೇನೆ. ಯಾವ ತಳಿ ಮೊದಲು ಸೋಲುತ್ತದೆ ಎಂಬುದರಿಂದ ಆ ಔಷಧಿ ಗೋಡೆಯನ್ನು ಎಲ್ಲಿ ಕೆಡಿಸುತ್ತಿದೆ ಅಂತ ಒಂದು ಸುಳಿವು ಸಿಗುತ್ತದೆ.