14 ಕೋರಿನ ಸರ್ವರ್ ಚಿಪ್, 12 ಕೋರಿನ ಲ್ಯಾಪ್‌ಟಾಪ್ ಚಿಪ್: ತೂಗಿ ನೋಡುವುದು ಹೇಗೆ?

ಹೋದ ತಿಂಗಳು ಅಕ್ಕನ ಮಗ ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯೊಂದರ ಮುಂದೆ ನಿಂತು ಫೋನ್ ಮಾಡಿದ. 'ಮಾಮ, ಹಳೇ ಸರ್ವರಿಂದ ಬಿಚ್ಚಿದ ಜಿಯಾನ್ ಪ್ರೊಸೆಸರ್ ಇದೆ. 14 ಕೋರ್, 28 ಥ್ರೆಡ್! ನನ್ನ ಲ್ಯಾಪ್‌ಟಾಪಲ್ಲಿ ಇರೋದು 12 ಕೋರ್, 16 ಥ್ರೆಡ್ಡು. ಅದನ್ನ ಮಾರಿ ಇದರಲ್ಲೊಂದು ಪಿಸಿ ಕಟ್ಟಿಸ್ಕೊಳ್ಳಲಾ?' ಪರ್ಸು ಜೇಬಲ್ಲೇ ಇರಲಿ, ಮೊದಲು ಎರಡರ ಪೂರ್ತಿ ಹೆಸರು ಓದು ಎಂದೆ. (ಕೋರ್ ಎಂದರೆ ಚಿಪ್ಪಿನೊಳಗೆ ಲೆಕ್ಕ ಮಾಡುವ ಒಂದೊಂದು ಘಟಕ, ಥ್ರೆಡ್ ಎಂದರೆ ಕೋರ್ ಒಮ್ಮೆಗೆ ನಡೆಸುವ ಕೆಲಸದ ಸಾಲು.)

ಮೊದಲು ಹೆಸರು, ಕೊನೆಯ ಅಕ್ಷರದವರೆಗೆ

ಬರೀ 'ಜಿಯಾನ್ 2680' ಎಂದರೆ ಏನನ್ನೂ ಹೇಳಿದಂತಾಗಲಿಲ್ಲ. ಇಂಟೆಲ್‌ನ ಇ5-2680ರಲ್ಲಿ 8 ಕೋರ್. ಅದೇ ಅಂಕಿಯ ಮುಂದೆ ವಿ2 ಇದ್ದರೆ 10, ವಿ3 ಇದ್ದರೆ 12, ವಿ4 ಇದ್ದರೆ 14. ವಿ2 ಹಳೆಯ ಡಿಡಿಆರ್3 ಮೆಮೊರಿ ಕೇಳುತ್ತದೆ, ವಿ4ಗೆ ಡಿಡಿಆರ್4 ಹಾಕಬಹುದು. ಲ್ಯಾಪ್‌ಟಾಪ್ ಚಿಪ್ಪಿನ ಗುಟ್ಟೂ ಬಾಲದಲ್ಲೇ ಇರುತ್ತದೆ. ಇಂಟೆಲ್‌ನ 12ನೇ ತಲೆಮಾರಿನಲ್ಲಿ ಯು ಎಂದರೆ ಸಾಮಾನ್ಯವಾಗಿ 15 ವ್ಯಾಟ್, ಪಿ ಎಂದರೆ 28, ಎಚ್ ಎಂದರೆ 45.

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ಆರಿಸಿದರೆ ಪೂರ್ತಿ ಹೆಸರು, ಕೋರ್, ಥ್ರೆಡ್, ಕ್ಯಾಶ್ (ಚಿಪ್ಪಿನೊಳಗಿನ ಪುಟ್ಟ ಮೆಮೊರಿ) ಎಲ್ಲ ಒಂದೇ ಕಡೆ ಸಿಗುತ್ತವೆ. ನಮ್ಮ ಹುಡುಗ ಓದಿ ಹೇಳಿದ್ದು: ಅಂಗಡಿಯದ್ದು ಜಿಯಾನ್ ಇ5-2680 ವಿ4, 2016ರದ್ದು. ಅವನದ್ದು ಕೋರ್ ಐ5-1240ಪಿ, 2022ರದ್ದು.

ಕೋರ್ ಎಣಿಸುವಾಗ ಎಡವುವುದು ಇಲ್ಲೇ

ಐ5-1240ಪಿಯ 12 ಕೋರ್‌ಗಳೂ ಒಂದೇ ಥರದವಲ್ಲ. 4 ದೊಡ್ಡವು, 8 ಸಣ್ಣವು. ದೊಡ್ಡವು ತಲಾ ಎರಡು ಥ್ರೆಡ್ ನಡೆಸುತ್ತವೆ, ಸಣ್ಣವು ಒಂದೊಂದೇ, ಹಾಗಾಗಿ 16. ಜಿಯಾನ್‌ನ 14 ಕೋರ್‌ಗಳು ಒಂದೇ ಅಚ್ಚಿನವು, ಎಲ್ಲವೂ ಎರಡೆರಡು ಥ್ರೆಡ್ಡಿನವು. ಇಷ್ಟು ಕೇಳಿದರೆ ಯಾರಿಗಾದರೂ ಜಿಯಾನ್ ಕಡೆಗೇ ಮನಸ್ಸು ವಾಲುತ್ತದೆ.

ಆದರೆ ಮದುವೆಮನೆಯ ಅಡುಗೆ ನೆನಪಿಸಿಕೊಳ್ಳಿ. ಬೀನ್ಸ್ ಹೆಚ್ಚಲು ಹತ್ತು ಜನ ಕೂತರೆ ಕೆಲಸ ಬೇಗ ಮುಗಿಯುತ್ತದೆ. ಬೇಳೆ ಬೇಯುವುದಕ್ಕೆ ಹತ್ತು ಜನ ಒಲೆ ಸುತ್ತ ನಿಂತರೂ ಅಷ್ಟೇ ಹೊತ್ತು. ಒಂದೇ ಕೋರ್ ಮಾಡಿದರೆ 100 ನಿಮಿಷ ಹಿಡಿಯುವ ಕೆಲಸದಲ್ಲಿ 20 ನಿಮಿಷದ್ದು ಬೇಳೆ ಬೇಯುವ ಥರದ್ದು ಎಂದುಕೊಳ್ಳೋಣ. ಉಳಿದ 80 ನಿಮಿಷವನ್ನು ಅಂಥವೇ 14 ಕೋರ್ ಹಂಚಿಕೊಂಡರೆ ಹೆಚ್ಚುಕಮ್ಮಿ 6 ನಿಮಿಷ. ಒಟ್ಟು 26. ಹದಿನಾಲ್ಕು ಪಟ್ಟು ಹೋಗಲಿ, ನಾಲ್ಕು ಪಟ್ಟೂ ದಾಟಲಿಲ್ಲ. ಎಎಂಡಿ 2022ರ ನವೆಂಬರ್‌ನಲ್ಲಿ ತಂದ ಎಪಿಕ್ 9654ರಲ್ಲಿ 96 ಕೋರ್ ಇವೆ. ಅಷ್ಟನ್ನೂ ಹಚ್ಚಿದರೂ ಹೆಚ್ಚುಕಮ್ಮಿ 21 ನಿಮಿಷ ಹಿಡಿಯುತ್ತದೆ, ಯಾಕೆಂದರೆ ಆ 20 ನಿಮಿಷ ಅಲ್ಲಾಡುವುದೇ ಇಲ್ಲ. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್‌ಡಾಲ್ 1967ರಲ್ಲಿ ಮುಂದಿಟ್ಟ ವಾದ ಇದೇ, ಇವತ್ತಿಗೂ ಯಾವ ಚಿಪ್ಪೂ ಅದನ್ನು ಮೀರಿಲ್ಲ.

ಆ 20 ನಿಮಿಷವನ್ನು ಕಡಿಮೆ ಮಾಡುವುದು ಒಂಟಿ ಕೋರಿನ ಓಟ ಮಾತ್ರ. ಇಲ್ಲಿ ಜಿಯಾನ್ ಗರಿಷ್ಠ 3.3 ಗಿಗಾಹರ್ಟ್ಸ್ (ಒಂದು ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ ನೂರು ಕೋಟಿ ಬಡಿತ), ಲ್ಯಾಪ್‌ಟಾಪಿನ ದೊಡ್ಡ ಕೋರ್ 4.4. ಅದರ ಮೇಲೆ, ಹೊಸ ಕೋರ್ ಒಂದೊಂದು ಬಡಿತಕ್ಕೂ ಹಳೆಯದಕ್ಕಿಂತ ಹೆಚ್ಚು ಕೆಲಸ ಮುಗಿಸುತ್ತದೆ. ಬ್ರೌಸರ್, ಎಕ್ಸೆಲ್, ನುಡಿ ತಂತ್ರಾಂಶದಲ್ಲಿ ಟೈಪಿಂಗ್‌ನಂಥ ದಿನದ ಕೆಲಸಗಳಲ್ಲಿ ತೆಳು ಲ್ಯಾಪ್‌ಟಾಪೇ ಚುರುಕಾಗಿ ಕಾಣುವುದು ಇದಕ್ಕೇ.

ಅಂಗಡಿಗೆ ಪೆನ್‌ಡ್ರೈವ್ ಒಯ್ಯಿರಿ

ಕಾಗದದ ಲೆಕ್ಕ ಇಷ್ಟು ಸಾಕು. ಪೆನ್‌ಡ್ರೈವ್‌ನಲ್ಲಿ ಫೈಲ್ ಕುಗ್ಗಿಸುವ 7-ಜಿಪ್ ತಂತ್ರಾಂಶ ಹಾಕಿಕೊಂಡು ಹೋಗಿ, ಅದು ಉಚಿತ. ಅದರ ಟೂಲ್ಸ್ ಮೆನುವಿನಲ್ಲಿ ಬೆಂಚ್‌ಮಾರ್ಕ್, ಅಂದರೆ ವೇಗ ಅಳೆಯುವ ಪರೀಕ್ಷೆ ಇದೆ. ಥ್ರೆಡ್ ಸಂಖ್ಯೆಯನ್ನು ಮೊದಲು 1 ಮಾಡಿ ಓಡಿಸಿ, ರೇಟಿಂಗ್ ಬರೆದುಕೊಳ್ಳಿ. ಆಮೇಲೆ ಇರುವಷ್ಟನ್ನೂ ಕೊಟ್ಟು ಓಡಿಸಿ. ಎರಡು ಯಂತ್ರಕ್ಕೆ ನಾಲ್ಕು ಅಂಕಿ. ಮೊದಲ ಅಂಕಿ ಒಂಟಿ ಕೋರಿನ ಚುರುಕು ತೋರಿಸುತ್ತದೆ, ಎರಡನೆಯದು ಗುಂಪಿನ ತಾಕತ್ತು. ಎರಡನ್ನೂ ಕೂಡಿಸಿ ಸರಾಸರಿ ತೆಗೆಯಬೇಡಿ, ಅದಕ್ಕೆ ಅರ್ಥವಿಲ್ಲ.

ಲ್ಯಾಪ್‌ಟಾಪಿಗೆ ಚಾರ್ಜರ್ ಸಿಕ್ಕಿಸಿಯೇ ಪರೀಕ್ಷಿಸಿ. ಒಂದೇ ನಿಮಿಷಕ್ಕೆ ನಿಲ್ಲಿಸಲೂಬೇಡಿ. 1240ಪಿಯ ಮೂಲ ಮಿತಿ 28 ವ್ಯಾಟ್, ಆದರೆ ಸ್ವಲ್ಪ ಹೊತ್ತಿನ ಮಟ್ಟಿಗೆ 64ರವರೆಗೂ ಎಳೆಯಬಲ್ಲದು. ಮೊದಮೊದಲು ಸಿಗುವ ಜೋರು ಅಂಕಿ ಆ ಎಳೆತದ್ದು. ಹತ್ತು ನಿಮಿಷ ಓಡಿಸಿ, ಕೀಬೋರ್ಡಿನ ಮೇಲ್ಭಾಗ ಕೈಗೆ ಬಿಸಿ ಹತ್ತಿದ ಮೇಲೆ ಬರುವ ಅಂಕಿಯೇ ನಿಜವಾದದ್ದು. ಜಿಯಾನ್‌ನ ಮಿತಿ 120 ವ್ಯಾಟ್. ಬಿಸಿ ಎಳೆಯುವ ದೊಡ್ಡ ಹೀಟ್‌ಸಿಂಕ್ ಕೆಳಗೆ ಕೂತು ದಿನವಿಡೀ ಒಂದೇ ಹದದಲ್ಲಿ ದುಡಿಯಲೆಂದೇ ಮಾಡಿದ್ದು ಅದು.

ಇದಕ್ಕಿಂತ ಒಳ್ಳೆಯ ಪರೀಕ್ಷೆ ನಿಮ್ಮದೇ ಕೆಲಸ. ನನ್ನದು ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪುಟಗಳಿಂದ ಅಕ್ಷರ ಎತ್ತುವುದು, ಟೆಸೆರಾಕ್ಟ್ ತಂತ್ರಾಂಶದಲ್ಲಿ. ಈ ಪುಟಕ್ಕೂ ಆ ಪುಟಕ್ಕೂ ಸಂಬಂಧವಿಲ್ಲದ ಕಾರಣ ಇದು ಪೂರ್ತಿ ಬೀನ್ಸ್ ಹೆಚ್ಚುವ ಕೆಲಸ. ಒಂದೇ ಎಚ್ಚರಿಕೆ: ಟೆಸೆರಾಕ್ಟ್ 4ನೇ ಆವೃತ್ತಿಯಿಂದ ಒಂದೊಂದು ಪುಟಕ್ಕೂ ನಾಲ್ಕು ಥ್ರೆಡ್‌ವರೆಗೆ ಹಿಡಿಯಬಲ್ಲದು. 14 ಪುಟ ಒಟ್ಟಿಗೆ ಬಿಟ್ಟರೆ ಒಂದರ ಕಾಲನ್ನು ಇನ್ನೊಂದು ತುಳಿಯುತ್ತದೆ. ಪುಟಕ್ಕೊಂದೇ ಥ್ರೆಡ್ ಎಂದು ಮಿತಿ ಹಾಕಿದ ಮೇಲೆಯೇ ಗಡಿಯಾರ ನೋಡಿ.

ಗಡಿಯಾರ ಹೇಳದ ವಿಷಯಗಳು

ಈ ಜಿಯಾನ್‌ನಲ್ಲಿ ಗ್ರಾಫಿಕ್ಸ್ ಇಲ್ಲ. ಪರದೆ ಹೊತ್ತಿಕೊಳ್ಳುವುದಕ್ಕೂ ಬೇರೆ ಕಾರ್ಡ್ ಕೊಳ್ಳಬೇಕು. ಲ್ಯಾಪ್‌ಟಾಪ್ ಚಿಪ್ಪಿನೊಳಗೆ ವಿಡಿಯೊ ಎನ್‌ಕೋಡ್ ಮಾಡುವ ಭಾಗವೇ ಇದೆ, ಮದುವೆ ವಿಡಿಯೊ ಕತ್ತರಿಸುವವರಿಗೆ ಅದು ಹತ್ತು ಕೋರಿಗೆ ಸಮ ಎನ್ನಿಸಬಹುದು. ವಿಂಡೋಸ್ 11 ಅಧಿಕೃತವಾಗಿ ಬೆಂಬಲಿಸುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಇ5 ವಿ4 ಇಲ್ಲ, ಲಿನಕ್ಸ್ ಆದರೆ ತಕರಾರಿಲ್ಲ.

ಸರ್ವರ್ ಚಿಪ್ಪಿನ ಪರವಾಗಿ ಹೇಳಬೇಕಾದ್ದು ಮೆಮೊರಿ. ಜಿಯಾನ್‌ಗೆ ನಾಲ್ಕು ಚಾನೆಲ್ (ಚಿಪ್ಪಿಗೂ ಮೆಮೊರಿಗೂ ನಡುವಿನ ದಾರಿ), ಸೆಕೆಂಡಿಗೆ 76.8 ಗಿಗಾಬೈಟ್‌ವರೆಗೆ. ಡಿಡಿಆರ್4-3200 ಹಾಕಿದ ಲ್ಯಾಪ್‌ಟಾಪಿಗೆ ಎರಡು ಚಾನೆಲ್‌ನಿಂದ 51.2. ಒಂದೇ ಮೆಮೊರಿ ಕಡ್ಡಿ ಹಾಕಿ ಮಾರಿದ್ದರೆ ಅದೂ ಅರ್ಧ. ಇದರ ಜೊತೆಗೆ ಮೆಮೊರಿಯಲ್ಲಿ ಒಂದು ಬಿಟ್ ತಪ್ಪಿದರೆ ತಾನೇ ತಿದ್ದಿಕೊಳ್ಳುವ ಇಸಿಸಿ ಸೌಲಭ್ಯ. ಬ್ಯಾಂಕಿನ ಸರ್ವರಿಗೆ ಅದು ಜೀವ, ಕಾಲೇಜು ಪ್ರಾಜೆಕ್ಟಿಗೆ ಇದ್ದರೂ ಸರಿ ಇಲ್ಲದಿದ್ದರೂ ಸರಿ.

ಕರೆಂಟಿನ ಲೆಕ್ಕ ಬೆರಳಲ್ಲೇ ಮಾಡಬಹುದು. ದಿನಕ್ಕೆ 8 ಗಂಟೆ ಪೂರ್ತಿ ದುಡಿಸಿದರೆ ತಿಂಗಳಿಗೆ 120 ವ್ಯಾಟಿಗೆ 28.8 ಯೂನಿಟ್, 28 ವ್ಯಾಟಿಗೆ 6.7. ಇದು ಚಿಪ್ಪಿನದ್ದು ಮಾತ್ರ. ಬೋರ್ಡು, ಫ್ಯಾನು, ಗ್ರಾಫಿಕ್ಸ್ ಕಾರ್ಡಿನದ್ದು ಬೇರೆ.

ಕೊಳ್ಳುವ ಬದಲು ಕ್ಲೌಡ್‌ನಲ್ಲಿ ಬಾಡಿಗೆಗೆ ಹಿಡಿಯುವವರು ಒಂದು ಪದ ಗಮನಿಸಿ: ವಿಸಿಪಿಯು, ಅಂದರೆ ವರ್ಚುವಲ್ ಸಿಪಿಯು. ಇಂಟೆಲ್ ಯಂತ್ರಗಳಲ್ಲಿ ಅದು ಬಹಳಷ್ಟು ಸಲ ಕೋರ್ ಅಲ್ಲ, ಥ್ರೆಡ್. ನಾಲ್ಕು ವಿಸಿಪಿಯು ತೆಗೆದುಕೊಂಡರೆ ಕೈಗೆ ಬಂದದ್ದು ಎರಡು ಕೋರ್ ಇರಬಹುದು.

ಅಕ್ಕನ ಮಗ ಸಂಜೆವರೆಗೆ ಅಂಗಡಿಯಲ್ಲೇ ಕೂತು ಎರಡನ್ನೂ ಓಡಿಸಿ ನೋಡಿದ. ಅವನ ಲ್ಯಾಪ್‌ಟಾಪಿನಲ್ಲಿ ಮೆಮೊರಿ ಕಡ್ಡಿ ಒಂದೇ ಇದ್ದದ್ದು ಆಗ ಗೊತ್ತಾಯಿತು. ಇನ್ನೊಂದು ಕಡ್ಡಿ ಕೊಂಡು ಮನೆಗೆ ಬಂದ. ಜಿಯಾನ್ ತಂದವನು ನಾನು. ಮಂಚದ ಪಕ್ಕ ಇಟ್ಟಿದ್ದೆ. ಫ್ಯಾನಿನ ಸದ್ದಿಗೆ ಮನೆಯವರ ನಿದ್ದೆ ಕೆಟ್ಟು ಮೂರನೇ ದಿನಕ್ಕೇ ಅದು ಸ್ಟೋರ್ ರೂಮು ಸೇರಿತು. ಈಗ ಅಕ್ಕಿ ಡಬ್ಬದ ಪಕ್ಕ ಕೂತು ಒಮ್ಮೆಗೆ 14 ಪುಟ ಓದುತ್ತಿದೆ.